ನಿನ್ನ ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿದ ಮೇಲೆ

ಪ್ರೀತಿಯ ಪುಟ್ಟನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಲಿಪಿಡ್ ರಿಪೋರ್ಟ್ ನೋಡಿದೆ. ಒಟ್ಟು ಕೊಲೆಸ್ಟ್ರಾಲ್ 286, ಜನ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 204, ಒಳ್ಳೆಯದು ಅನ್ನುವ ಎಚ್‌ಡಿಎಲ್ 46, ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು 180. ಜೊತೆಗೆ ನೀನು ಬರೆದ ಮಾತುಗಳನ್ನೂ ಓದಿದೆ. ಒಂದು ಕಡೆ "ಇದು ತಾತನಿಂದ ಬಂದದ್ದು, ಏನು ಮಾಡಿದರೂ ಅಷ್ಟೇ" ಅನ್ನುತ್ತೀಯ. ಅದರ ಮುಂದಿನ ಸಾಲಿನಲ್ಲೇ "ಮಾತ್ರೆ ಬೇಡ ಚಿಕ್ಕಮ್ಮ, ಮೂರು ತಿಂಗಳು ಪಥ್ಯ ಮಾಡಿ ಎಲ್ಲ ಸರಿ ಮಾಡ್ಕೊತೀನಿ" ಅನ್ನುತ್ತೀಯ. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯವಿಲ್ಲ, ಅಲ್ವಾ? ಆ ಹಾಳೆಯ ಮೇಲಿನ ಸಂಖ್ಯೆಗಳೆಲ್ಲ ಒಂದೇ ಕಾರಣಕ್ಕೆ ಕೆಟ್ಟಿಲ್ಲ ಮಗಾ. ಯಾವುದು ಹುಟ್ಟಿನಿಂದ ಬಂದದ್ದು, ಯಾವುದು ನಿನ್ನ ದಿನಚರಿಯಿಂದ ಆದದ್ದು ಅಂತ ಒಂದೊಂದೇ ಸಾಲು ಬಿಡಿಸಿ ನೋಡಬೇಕು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲ್ಯಾಬಿನಲ್ಲಿದ್ದಾಗ ಈ ವ್ಯತ್ಯಾಸವನ್ನು ಕಣ್ಣಾರೆ ನೋಡುತ್ತಿದ್ದೆ. ರಕ್ತದ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಕಣಗಳು ಕೆಳಗೆ ಕೂರುತ್ತವೆ, ಮೇಲೆ ತಿಳಿಹಳದಿ ಸೀರಮ್ ನಿಲ್ಲುತ್ತದೆ. ಟ್ರೈಗ್ಲಿಸರೈಡ್ ವಿಪರೀತ ಇರುವವರ ಸೀರಮ್ ಬೆಳ್ಳಗೆ ಕದಡಿರುತ್ತದೆ. ಟ್ಯೂಬಿನ ಹಿಂದೆ ಬೆರಳಿಟ್ಟರೆ ಬೆರಳು ಕಾಣುವುದಿಲ್ಲ. ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ಟ್ಯೂಬುಗಳಲ್ಲಿ ಮೇಲೆ ಕೆನೆಯೇ ಕಟ್ಟುತ್ತದೆ. ಆದರೆ ಎಲ್‌ಡಿಎಲ್ 300 ಇರುವವರ ಸೀರಮ್ ತಿಳಿಯಾಗಿಯೇ ಇರುತ್ತದೆ! ಎಲ್‌ಡಿಎಲ್ ಕಣ ಅಷ್ಟು ಸಣ್ಣದು. ನೋಡೋಕೆ ಯಾವ ತೊಂದರೆಯೂ ಇಲ್ಲದ ಸೀರಮ್ಮನ್ನು ಮಷೀನಿಗೆ ಹಾಕಿದಾಗಲೇ ಗಾಬರಿಯಾಗುವಂಥ ಸಂಖ್ಯೆ ಬರುವುದು. ಜನ ಎರಡಕ್ಕೂ ಸೇರಿಸಿ "ರಕ್ತದಲ್ಲಿ ಕೊಬ್ಬು ಜಾಸ್ತಿ" ಅಂದುಬಿಡುತ್ತಾರೆ. ಅವು ಬೇರೆ ಬೇರೆ ತೊಂದರೆಗಳು.

ಮೊದಲು ಆ 204. ಕೊಲೆಸ್ಟ್ರಾಲ್ ಅಂದರೆ ತಟ್ಟೆಯಿಂದ ಬರುವುದು ಅಂತ ಎಲ್ಲರ ನಂಬಿಕೆ. ನಿಜವಾಗಿ ಅದರ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ಅದನ್ನು ಹೊತ್ತು ತಿರುಗುವ ಕಣ ಎಲ್‌ಡಿಎಲ್. ಹಾಗೆ ತಿರುಗುವ ಎಲ್‌ಡಿಎಲ್‌ ಅನ್ನು ಒಳಗೆ ಎಳೆದುಕೊಂಡು ಖಾಲಿ ಮಾಡುವ ಕೆಲಸ ಮುಖ್ಯವಾಗಿ ಲಿವರಿನದು. ಲಿವರ್ ಕೋಶಗಳ ಮೈಮೇಲೆ ಅದಕ್ಕೆಂದೇ ಬಾಗಿಲುಗಳಿವೆ ಅಂತ ಇಟ್ಟುಕೋ. ಎಲ್‌ಡಿಎಲ್ ರಿಸೆಪ್ಟರ್ ಅನ್ನುವುದು ಅದನ್ನೇ. ಅಮೆರಿಕದ ಡಲ್ಲಾಸಿನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ 1970ರ ದಶಕದಲ್ಲಿ ಇದನ್ನು ಕಂಡುಹಿಡಿದರು. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅವರು ಈ ಹುಡುಕಾಟಕ್ಕೆ ಇಳಿದದ್ದೇ ನಮ್ಮ ಮನೆಯಂಥ ಮನೆಗಳ ಕಾಯಿಲೆಯಿಂದ. ಬಾಗಿಲು ಮಾಡುವ ಜೀನ್ ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೆ ಕೆಲಸ ಮಾಡುವ ಬಾಗಿಲು ಹೆಚ್ಚುಕಡಿಮೆ ಅರ್ಧ. ಆಗ ಎಲ್‌ಡಿಎಲ್ ರಕ್ತದಲ್ಲೇ ಉಳಿದು ಉಳಿದು ರಕ್ತನಾಳದ ಗೋಡೆ ಸೇರುತ್ತದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ. ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ.

ಎರಡೂ ಪ್ರತಿ ಕೆಟ್ಟಿರುವುದು ತೀರಾ ಅಪರೂಪ. ಸ್ಟಾರ್ಮಿ ಜೋನ್ಸ್ ಅನ್ನುವ ಪುಟ್ಟ ಹುಡುಗಿಗೆ ಹಾಗಿತ್ತು. ಆರು ವರ್ಷಕ್ಕೇ ಹೃದಯ ಸೋತುಹೋಗಿತ್ತು, ಕೊಲೆಸ್ಟ್ರಾಲ್ 1000 ದಾಟಿತ್ತು. 1984ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಅವಳಿಗೆ ಹೃದಯ ಮತ್ತು ಲಿವರ್ ಎರಡನ್ನೂ ಒಟ್ಟಿಗೆ ಕಸಿ ಮಾಡಿದರು. ಹೃದಯದ ಕಾಯಿಲೆಗೆ ಲಿವರ್ ಯಾಕೆ ಅಂತ ಅನಿಸಬಹುದು. ಹೊಸ ಲಿವರಿನಲ್ಲಿ ಬಾಗಿಲುಗಳು ಸರಿಯಾಗಿದ್ದವು, ಅದಕ್ಕೆ. ಕೊಲೆಸ್ಟ್ರಾಲ್ 300ರ ಆಸುಪಾಸಿಗೆ ಇಳಿಯಿತು. ಆ ಮಗು 1990ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ ತೀರಿಕೊಂಡಳು. ಆರು ವರ್ಷದ ಮಗು ಅಷ್ಟು ಕೊಲೆಸ್ಟ್ರಾಲ್ ಏರುವಷ್ಟು ಏನು ತಿಂದಿರೋಕೆ ಸಾಧ್ಯ ಹೇಳು? ಇಂಥ ಕಾಯಿಲೆ ಇರುವವರನ್ನು "ಬಾಯಿ ಕಟ್ಟಲಿಲ್ಲ" ಅಂತ ಬೈಯುವವರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ನಮ್ಮ ಮನೆಯನ್ನೇ ನೋಡು. ನಾನೂ ನಿನ್ನ ಅಮ್ಮನೂ ಒಂದೇ ಅಡುಗೆ ಉಂಡು ಬೆಳೆದವರು. ಅವಳಿಗೆ ಚಿಕ್ಕ ವಯಸ್ಸಿನಿಂದಲೂ ಎಲ್‌ಡಿಎಲ್ 200ರ ಮೇಲೆ, ನನಗೆ ಯಾವತ್ತೂ 110 ದಾಟಲಿಲ್ಲ. ಅಪ್ಪನಿಂದ, ಅಂದರೆ ನಿನ್ನ ತಾತನಿಂದ, ಅವಳಿಗೆ ಕೆಟ್ಟ ಪ್ರತಿ ಬಂದಿರಬೇಕು, ನನಗೆ ಒಳ್ಳೆಯದು. ಪ್ರತಿ ಮಗುವಿಗೂ ಸಾಧ್ಯತೆ ಸಮಸಮ, ಎರಡರಲ್ಲೊಂದು. ಇದರಲ್ಲಿ ನನ್ನ ಜಾಣತನವೂ ಇಲ್ಲ, ಅವಳ ತಪ್ಪೂ ಇಲ್ಲ, ನಿನ್ನ ತಪ್ಪೂ ಇಲ್ಲ.

ಹಾಗಂತ ನಿನಗೂ ಅದೇ ಇದೆ ಅಂತ ಈ ಪತ್ರದಲ್ಲೇ ತೀರ್ಮಾನ ಮಾಡಬೇಡ. ಎಲ್‌ಡಿಎಲ್ 190 ದಾಟಿ, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರಿದ್ದರೆ ಡಾಕ್ಟರು ಆ ಕಡೆ ಯೋಚಿಸುತ್ತಾರೆ. ಅದಕ್ಕೂ ಮೊದಲು ಥೈರಾಯ್ಡ್ ಟೆಸ್ಟ್ ಆಗಲೇಬೇಕು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಲಿವರಿನ ಬಾಗಿಲುಗಳೂ ಕಡಿಮೆಯಾಗುತ್ತವೆ, ಎಲ್‌ಡಿಎಲ್ ಏರುತ್ತದೆ. ಆಗ ಔಷಧಿಯೇ ಬೇರೆ. ಹಿಮ್ಮಡಿಯ ಹಿಂದೆ ಮೀನಖಂಡವನ್ನು ಮೂಳೆಗೆ ಕಟ್ಟುವ ಹುರಿಯನ್ನು ಬೆರಳಲ್ಲಿ ಒತ್ತಿ ನೋಡಿಕೋ, ದಪ್ಪಗಾಗಿದ್ದರೆ, ಗಂಟು ಗಂಟಾಗಿದ್ದರೆ ಡಾಕ್ಟರಿಗೆ ತೋರಿಸು. ಅಲ್ಲಿ ಕೊಲೆಸ್ಟ್ರಾಲ್ ಕೂರುವುದುಂಟು. ಇನ್ನೊಂದು ಮಾತು: ಎಲ್‌ಡಿಎಲ್ ಜಾಸ್ತಿ ಇರುವ ಬಹುಪಾಲು ಜನರಲ್ಲಿ ಒಂದೇ ಜೀನ್ ಕೆಟ್ಟಿರುವುದಿಲ್ಲ. ಹತ್ತಾರು ಜೀನ್‌ಗಳ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿ, ಅದರ ಮೇಲೆ ಊಟ, ತೂಕ, ವಯಸ್ಸು ಕೂಡಿ ಏರಿರುತ್ತದೆ.

ಈಗ "ಏನು ಮಾಡಿದರೂ ಅಷ್ಟೇ" ಅನ್ನುವ ಮಾತಿಗೆ ಬರುತ್ತೇನೆ. ಪಿಸಿಎಸ್‌ಕೆ9 ಅನ್ನುವ ಒಂದು ಪ್ರೋಟೀನ್ ಇದೆ. ಈ ಬಾಗಿಲುಗಳನ್ನು ಕಿತ್ತುಹಾಕುವುದೇ ಅದರ ಕೆಲಸ. ಹುಟ್ಟಿನಿಂದಲೇ ಅದು ಸರಿಯಾಗಿ ಕೆಲಸ ಮಾಡದ ಕೆಲವರಿದ್ದಾರೆ. ಅವರ ಬಾಗಿಲುಗಳು ಹೆಚ್ಚು ಕಾಲ ಉಳಿಯುತ್ತವೆ. ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಅಂಥವರ ಲೆಕ್ಕವನ್ನು 2006ರಲ್ಲಿ ಪ್ರಕಟಿಸಿದರು. ಅಮೆರಿಕದ ಕಪ್ಪು ಜನರಲ್ಲಿ ಈ ಜೀನ್ ವ್ಯತ್ಯಾಸ ಇದ್ದವರ ಎಲ್‌ಡಿಎಲ್ ಸರಾಸರಿ 28% ಕಡಿಮೆ. ಆದರೆ 15 ವರ್ಷಗಳಲ್ಲಿ ಅವರಿಗೆ ಹೃದಯದ ರಕ್ತನಾಳದ ಕಾಯಿಲೆ ಬರುವ ಅಪಾಯ 88% ಕಡಿಮೆ! ವಯಸ್ಸಾದ ಮೇಲೆ ಮಾತ್ರೆ ಶುರು ಮಾಡಿ ಎಲ್‌ಡಿಎಲ್‌ ಅನ್ನು ಸುಮಾರು ಅಷ್ಟೇ ಇಳಿಸಿದವರಿಗೆ ಇಷ್ಟು ಲಾಭ ಸಿಗುವುದಿಲ್ಲ. ಇವರ ಎಲ್‌ಡಿಎಲ್ ಹುಟ್ಟಿನಿಂದ ಕಡಿಮೆ ಇತ್ತು ನೋಡು, ವ್ಯತ್ಯಾಸ ಅದೇ. ಎಲ್‌ಡಿಎಲ್ ಎಷ್ಟು ಅನ್ನುವುದರ ಜೊತೆಗೆ ಎಷ್ಟು ವರ್ಷ ಹಾಗೇ ಇತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಿನಗಿನ್ನೂ 34. ತಾತನ ಕಾಲದಲ್ಲಿ ಈ ಟೆಸ್ಟೂ ಇರಲಿಲ್ಲ, ಮಾತ್ರೆಯೂ ಇರಲಿಲ್ಲ. ಅವರು 49ಕ್ಕೇ ಹೋದರು. ನಿನಗೆ ಎರಡೂ ಇವೆ, ಸಮಯವೂ ಇದೆ. ಅದನ್ನು ಹಣೆಬರಹ ಅಂತ ಬಿಟ್ಟುಕೊಡಬೇಡ.

ಪಥ್ಯದ ವಿಷಯ. ಖಂಡಿತ ಮಾಡು, ಆದರೆ ಲೆಕ್ಕ ಇಟ್ಟುಕೊಂಡು ಮಾಡು. ಬೆಣ್ಣೆ, ಕೆನೆ, ಕೊಬ್ಬಿನ ಮಾಂಸದಂಥವುಗಳ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಲಿವರಿನ ಬಾಗಿಲುಗಳು ಕಮ್ಮಿಯಾಗುತ್ತವೆ. ಅದನ್ನು ಇಳಿಸಿ, ಬದಲಿಗೆ ಬೀಜಗಳು, ಬೀಜದ ಎಣ್ಣೆ, ಕಾಳು, ಓಟ್ಸ್, ತರಕಾರಿ, ಹಣ್ಣು ಹೆಚ್ಚಿಸಿದರೆ ಎಲ್‌ಡಿಎಲ್ ಇಳಿಯುತ್ತದೆ. ಕಾಳು, ಓಟ್ಸ್‌ನಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತವನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತ ಮಾಡೋಕೆ ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ಆದರೆ ಶ್ರದ್ಧೆಯಿಂದ ಮಾಡಿ 15% ಇಳಿಸಿದೆ ಅಂದುಕೋ, ಆಗಲೂ 204 ಬಂದು ನಿಲ್ಲುವುದು 173ಕ್ಕೆ. ನಿನ್ನ ಡಾಕ್ಟರು ನೂರಕ್ಕಿಂತ ಕೆಳಗೆ ಬರಬೇಕು ಅಂದಿದ್ದಾರೆ. ಬರೀ ಪಥ್ಯದಿಂದ ಅಲ್ಲಿಗೆ ಹೋಗುವುದು ಕಷ್ಟ.

ಸ್ಟ್ಯಾಟಿನ್ ಮಾತ್ರೆ ಅಂದರೆ ಸೋತ ಹಾಗೆ ಅಂತ ಯಾಕೆ ಅಂದುಕೊಂಡಿದ್ದೀಯೋ ನನಗೆ ಗೊತ್ತಾಗುತ್ತಿಲ್ಲ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಶಿಲೀಂಧ್ರದಿಂದ ಮೊದಲ ಸ್ಟ್ಯಾಟಿನ್ ತೆಗೆದರು. 1987ರಿಂದ ಈ ಜಾತಿಯ ಮಾತ್ರೆ ಬಳಕೆಯಲ್ಲಿದೆ. ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದನ್ನು ಅದು ತಗ್ಗಿಸುತ್ತದೆ. ಕೊರತೆಯಾದ ಲಿವರ್ ತಾನೇ ಹೊಸ ಬಾಗಿಲುಗಳನ್ನು ಮಾಡಿಕೊಳ್ಳುತ್ತದೆ. ನಿನ್ನಲ್ಲಿ ಒಂದು ಒಳ್ಳೆಯ ಪ್ರತಿ ಇದ್ದೇ ಇದೆ ಅಲ್ವಾ, ಅದರಿಂದ ಜಾಸ್ತಿ ಕೆಲಸ ತೆಗೆಸುವುದು, ಅಷ್ಟೇ. ಜೋರು ಡೋಸಿನಲ್ಲಿ ಎಲ್‌ಡಿಎಲ್ ಅರ್ಧದಷ್ಟು ಇಳಿಯುತ್ತದೆ. ಸಾಲದಿದ್ದರೆ ಬೇರೆ ಮಾತ್ರೆ ಸೇರಿಸುತ್ತಾರೆ. ಪಿಸಿಎಸ್‌ಕೆ9 ತಡೆಯುವ ಇಂಜೆಕ್ಷನ್ನೂ ಈಗ ಇದೆ. ಮೈಕೈ ನೋವು ಬಂದರೆ ಸುಮ್ನೆ ನಿಲ್ಲಿಸಿಬಿಡಬೇಡ, ಡಾಕ್ಟರಿಗೆ ಹೇಳು. ಡೋಸ್ ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು. ಟೆಸ್ಟ್ ಚೆನ್ನಾಗಿ ಬಂತು ಅಂತಲೂ ನಿಲ್ಲಿಸಬೇಡ. ಮಾತ್ರೆ ಇರುವುದರಿಂದಲೇ ಚೆನ್ನಾಗಿ ಬಂದಿರುತ್ತದೆ.

ಇನ್ನು ಟ್ರೈಗ್ಲಿಸರೈಡ್ 180. ಇಲ್ಲಿ ನಿನ್ನ ಮೇಲೆ ಸ್ವಲ್ಪ ಕೋಪ ಇದೆ. ಇದರಲ್ಲೂ ಜೀನ್ ಪಾಲು ಇರುತ್ತದೆ, ಆದರೆ ಇಷ್ಟು ಬೇಗ ಮಾತು ಕೇಳುವ ಸಂಖ್ಯೆ ರಿಪೋರ್ಟಿನಲ್ಲಿ ಇನ್ನೊಂದಿಲ್ಲ. ಸಕ್ಕರೆ, ಸಿಹಿ ಪಾನೀಯ, ಮದ್ಯ, ಲೆಕ್ಕವಿಲ್ಲದೆ ತಿಂದ ಮೈದಾ, ಇವುಗಳಿಂದ ಉಳಿದದ್ದನ್ನು ಲಿವರ್ ಕೊಬ್ಬಾಗಿ ಮಾಡಿ ರಕ್ತಕ್ಕೆ ಕಳಿಸುತ್ತದೆ. ಹೊಟ್ಟೆಯೊಳಗೆ ಕೊಬ್ಬು ಸೇರಿ ಇನ್ಸುಲಿನ್ ಮಾತು ನಡೆಯದೆ ಹೋದರೆ ಅದು ಇನ್ನೂ ಜಾಸ್ತಿ. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿದ್ದರೂ ಹೀಗಾಗಬಹುದು. ಭಾನುವಾರ ಹತ್ತು ಕಿಲೋಮೀಟರ್ ಓಡುತ್ತೀಯ, ಸಂತೋಷ. ಉಳಿದ ಆರು ದಿನ ಕುರ್ಚಿ ಬಿಟ್ಟು ಏಳುವುದಿಲ್ಲ, ರಾತ್ರಿ ಒಂದಕ್ಕೆ ಮಲಗುತ್ತೀಯ. ಊಟವಾದ ಮೇಲೆ ಸ್ವಲ್ಪ ಹೊತ್ತು ನಡೆದರೆ ರಕ್ತದ ಸಕ್ಕರೆಯನ್ನು ಸ್ನಾಯುಗಳು ಎಳೆದುಕೊಳ್ಳುತ್ತವೆ. ಅದನ್ನು ದಿನಾ ಮಾಡಬೇಕು. ನಿದ್ದೆಗೆಟ್ಟರೆ ಇನ್ಸುಲಿನ್ ಕೆಲಸವೂ ಕೆಡುತ್ತದೆ.

ಇದರಿಂದ ಏನು ಮಹಾ ಆಗುತ್ತೆ ಅನ್ನಬೇಡ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರ ಮೇಲೆ ನಡೆದ ಅಮೆರಿಕದ ಒಂದು ದೊಡ್ಡ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ವಾರಕ್ಕೆ 150 ನಿಮಿಷ ನಡಿಗೆ, 7% ತೂಕ ಇಳಿಸುವ ಗುರಿ, ಇಷ್ಟೇ. ಸಕ್ಕರೆ ಕಾಯಿಲೆ ಬರುವುದು 58% ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ 31%. ನೋಡು, ಇಲ್ಲಿ ನಡಿಗೆ, ತೂಕ ಇಳಿಕೆ ಎರಡೂ ಸೇರಿ ಮಾತ್ರೆಯನ್ನು ಮೀರಿಸಿದವು. ನಿನ್ನ ಎಲ್‌ಡಿಎಲ್ ವಿಷಯದಲ್ಲಿ ಮಾತ್ರೆಯ ಕೈ ಮೇಲು. ಅದಕ್ಕೇ ಸಾಲು ಸಾಲಾಗಿ ಬಿಡಿಸಿ ನೋಡು ಅಂದದ್ದು.

ಎಚ್‌ಡಿಎಲ್ 46ರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಔಷಧಿ ಕೊಟ್ಟು ಅದನ್ನು ಏರಿಸಿದವರಿಗೆ ಅಂದುಕೊಂಡ ಲಾಭ ಸಿಗಲಿಲ್ಲ. ಇಟಲಿಯ ಲಿಮೋನೆ ಅನ್ನುವ ಊರಿನ ಕೆಲವು ಮನೆಗಳಲ್ಲಿ ಹುಟ್ಟಿನಿಂದಲೇ ಎಚ್‌ಡಿಎಲ್ ತೀರಾ ಕಡಿಮೆ, ಆದರೂ ಅವರಿಗೆ ಹೃದಯದ ಕಾಯಿಲೆ ಹೆಚ್ಚಾಗಿ ಕಾಣಲಿಲ್ಲ.

ಹುಟ್ಟಿನ ಜೀನ್, ದಿನಚರಿ ಎರಡೂ ಸೇರಿದಾಗ ಏನಾಗುತ್ತದೆ ಅಂತ 2016ರಲ್ಲಿ 50,000ಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟು ನೋಡಿದ್ದಾರೆ. ಜೀನ್‌ಗಳ ಲೆಕ್ಕದಲ್ಲಿ ಅತಿ ಹೆಚ್ಚು ಅಪಾಯ ಇದ್ದವರಲ್ಲೂ, ಸಿಗರೇಟು ಸೇದದೆ, ಬೊಜ್ಜಿಲ್ಲದೆ, ವ್ಯಾಯಾಮ, ಒಳ್ಳೆಯ ಊಟ ಇಟ್ಟುಕೊಂಡವರಿಗೆ, ಅದೇ ಜೀನ್ ಇದ್ದು ಹಾಗಿಲ್ಲದವರಿಗಿಂತ ಅಪಾಯ ಅರ್ಧದ ಹತ್ತಿರ ಕಡಿಮೆ ಇತ್ತು. ನಾಲ್ಕೂ ಬೇಕೆಂದಿರಲಿಲ್ಲ, ಮೂರಿದ್ದರೂ ಸಾಕಿತ್ತು. ನೀನು ಸಿಗರೇಟು ಮುಟ್ಟಿಲ್ಲ ಅನ್ನುವುದು ನನಗೆ ಎಷ್ಟು ಸಮಾಧಾನ ಗೊತ್ತಾ?

ಡಾಕ್ಟರ ಹತ್ತಿರ ಹೋದಾಗ ಲಿಪೋಪ್ರೋಟೀನ್-ಎ ಅನ್ನುವ, ಎಲ್‌ಡಿಎಲ್‌ನಂಥದೇ ಇನ್ನೊಂದು ಕಣದ ಟೆಸ್ಟ್ ಕೂಡ ಕೇಳು. ಅದು ಹೆಚ್ಚುಕಡಿಮೆ ಪೂರ್ತಿ ಜೀನ್‌ನಿಂದಲೇ ಬರುವುದು, ಊಟದಿಂದ ಅಷ್ಟಾಗಿ ಬದಲಾಗುವುದಿಲ್ಲ. ಸಾಮಾನ್ಯ ಲಿಪಿಡ್ ರಿಪೋರ್ಟಿನಲ್ಲಿ ಇರುವುದಿಲ್ಲ, ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಅದು ಜಾಸ್ತಿ ಬಂದರೆ ಎಲ್‌ಡಿಎಲ್ ಬಗ್ಗೆ ಇನ್ನೂ ಬಿಗಿಯಾಗಿರಬೇಕಾಗುತ್ತದೆ.

ಕೊನೆಗೆ ನಿನ್ನ ತಂಗಿ ಮತ್ತು ನಿನ್ನ ಮಗಳು. ನಿನಗೆ ಇರುವುದು ಹುಟ್ಟಿನ ಕಾಯಿಲೆಯೇ ಅಂತಾದರೆ ಮಗಳಿಗೂ ಎರಡರಲ್ಲೊಂದು ಸಾಧ್ಯತೆ. ಮಕ್ಕಳಲ್ಲೂ ಇದನ್ನು ಒಂದು ರಕ್ತದ ಟೆಸ್ಟಿನಲ್ಲಿ ನೋಡಬಹುದು. ಬೇಕಾದವರಿಗೆ 8ರಿಂದ 10 ವರ್ಷಕ್ಕೇ ಮಾತ್ರೆ ಶುರು ಮಾಡುತ್ತಾರೆ. ಮಗುವಿನ ಎದುರು ಇದನ್ನು ಹೆದರಿಕೆಯ ದನಿಯಲ್ಲಿ ಮಾತಾಡಬೇಡ, ಅವಳ ತಟ್ಟೆಯ ಮೇಲೆ ಕಾವಲು ಕೂರಬೇಡ. ತಂಗಿಗೆ ನೀನೇ ಹೇಳು. ಅವಳು ಮಗುವಿನ ಯೋಚನೆಯಲ್ಲಿದ್ದರೆ ಮಾತ್ರೆ ಶುರು ಮಾಡುವ ಮೊದಲೇ ಅದನ್ನು ಡಾಕ್ಟರಿಗೆ ತಿಳಿಸಬೇಕು.

ಹಾಂ, ಟೆಸ್ಟಿಗೆ ಮುಂಚೆ ಊಟ ಮಾಡಿದ್ದೆಯಾ, ಖಾಲಿ ಹೊಟ್ಟೆಯಲ್ಲಿದ್ದೆಯಾ? ಊಟ ಮಾಡಿದ್ದರೆ ಆ 180 ಅಷ್ಟು ದೊಡ್ಡದಲ್ಲ, ಎಲ್‌ಡಿಎಲ್ ಮಾತ್ರ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಥೈರಾಯ್ಡ್ ರಿಪೋರ್ಟ್ ಬಂದ ದಿನವೇ ಫೋಟೋ ತೆಗೆದು ಕಳಿಸು. ಡಾಕ್ಟರನ್ನು ನೋಡೋಕೆ ಹೋಗುವಾಗ ಅಮ್ಮನ ಹಳೆಯ ರಿಪೋರ್ಟ್‌ಗಳನ್ನೂ ತೆಗೆದುಕೊಂಡು ಹೋಗು. ಅವು ನನ್ನ ಹತ್ತಿರವೇ ಇವೆ, ಈ ಪತ್ರದ ಜೊತೆ ಪ್ರತಿ ಮಾಡಿಸಿ ಇಟ್ಟಿದ್ದೇನೆ.

ಇಂತಿ,
ನಿನ್ನ ಚಿಕ್ಕಮ್ಮ