ಹಕ್ಕಿ ಎಣಿಸಿದರೆ ಸಾಲದು, ಅಳೆಯಲೂ ಬೇಕು

ಸಂಪಾದಕರೇ,

ಬೇಸಿಗೆ ಬಂದರೆ ಪತ್ರಿಕೆಯಲ್ಲಿ ದಿನಾ ಬಿಸಿಲಿನ ಸುದ್ದಿ. ಆದರೆ ಬಿಸಿಲು ಏರಿದ ಹಾಗೆ ಹಲವು ಪ್ರಾಣಿಗಳ ಮೈ ಸಣ್ಣದಾಗುತ್ತಿದೆ ಅನ್ನೋ ಮಾತನ್ನು ನಮ್ಮ ಕಡೆ ಯಾರೂ ಎತ್ತುವುದಿಲ್ಲ. ನಾನು ಕುರಿಗಾರರ ಮನೆಯವನು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಪ್ಪ ಟಗರಿನ ಬೆನ್ನ ಮೇಲೆ ಅಂಗೈ ಇಟ್ಟು, ಸೊಂಟದ ಹತ್ತಿರ ಒತ್ತಿ ನೋಡಿ ತೂಕ ಹೇಳುತ್ತಿದ್ದರು. ಕಾಟಾಕ್ಕೆ ಹಾಕಿದರೆ ಒಂದು ಕೆ.ಜಿ. ಹೆಚ್ಚುಕಡಿಮೆ, ಅಷ್ಟೇ. ಈಗಲೂ ಅವರು "ಮೊದಲಿನ ಕುರಿ ಹಿಂಗಿರಲಿಲ್ಲ, ಭಾಳ ದೊಡ್ಡವಿದ್ವು" ಅಂತಾರೆ. ಇರಬಹುದು. ಆದರೆ ಮೇವು ಕಡಿಮೆಯಾಗಿದೆ, ಗೋಮಾಳ ಹೋಗಿದೆ, ತಳಿ ಬೆರೆತಿದೆ. ಇದರಲ್ಲಿ ಬಿಸಿಲಿನ ಪಾಲೆಷ್ಟು? ಹೇಳೋಣ ಅಂದರೆ ಅವತ್ತಿನ ತೂಕವನ್ನು ಯಾರೂ ಬರೆದಿಟ್ಟಿಲ್ಲ.

ಸ್ಕಾಟ್ಲೆಂಡ್ ಪಕ್ಕದ ಹಿರ್ಟಾ ದ್ವೀಪದಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿನ ಸೋಯ್ ತಳಿಯ ಕಾಡು ಕುರಿಗಳಿಗೆ ಮೇವು ಹಾಕುವವರಿಲ್ಲ, ಕಾಯುವವರೂ ಇಲ್ಲ. 1985ರಿಂದ ಅವುಗಳನ್ನು ಹಿಡಿದು ಅಳೆಯುತ್ತಾ ಬಂದ ವಿಜ್ಞಾನಿಗಳು 2009ರಲ್ಲಿ ಲೆಕ್ಕ ಹಾಕಿದಾಗ ಕುರಿಗಳು ಶೇ 5ರಷ್ಟು ಸಣ್ಣದಾಗಿದ್ದವು. ಚಳಿ ತಗ್ಗಿದ್ದರಿಂದ, ಮೊದಲಾದರೆ ಚಳಿಗಾಲ ದಾಟದೆ ಸಾಯುತ್ತಿದ್ದ ಪುಟ್ಟ ಮರಿಗಳೂ ಈಗ ಉಳಿದುಕೊಳ್ಳುತ್ತಿವೆ.

ಇನ್ನೊಂದು ಕಾರಣವನ್ನು ಜರ್ಮನಿಯ ಜೀವವಿಜ್ಞಾನಿ ಬರ್ಗ್‌ಮನ್ 1847ರಲ್ಲೇ ಹೇಳಿದ್ದ. ಪಾತ್ರೆ ತುಂಬ ಇರುವ ಅನ್ನ ಬೇಗ ಆರುವುದಿಲ್ಲ, ತಾಟಿಗೆ ಬಡಿಸಿದ ಒಂದು ತುತ್ತು ಕೂಡಲೇ ಆರುತ್ತದೆ, ಅಲ್ವಾ? ಮೈಯೂ ಹಾಗೇ. ದೊಡ್ಡ ಮೈ ಶಾಖ ಹಿಡಿದಿಡುತ್ತದೆ, ಚಳಿ ನಾಡಿಗೆ ಅದು ಒಳ್ಳೆಯದು. ಸಣ್ಣ ಮೈ ಬೇಗ ಶಾಖ ಬಿಡುತ್ತದೆ, ಸೆಕೆ ನಾಡಿಗೆ ಅದು ಅನುಕೂಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಶಿಕಾಗೋದ ಕೆಲಸ. ಅಲ್ಲಿನ ಫೀಲ್ಡ್ ಮ್ಯೂಸಿಯಂನವರು ಗಾಜಿನ ಕಟ್ಟಡಗಳಿಗೆ ಬಡಿದು ಸತ್ತ ವಲಸೆ ಹಕ್ಕಿಗಳನ್ನು 1978ರಿಂದ ಆಯ್ದು ತಂದಿದ್ದಾರೆ. ಅಷ್ಟನ್ನೂ ಅಳೆದದ್ದು ಒಬ್ಬರೇ, ಡೇವಿಡ್ ವಿಲ್ಲಾರ್ಡ್. 52 ಜಾತಿಯ 70 ಸಾವಿರಕ್ಕೂ ಹೆಚ್ಚು ಹಕ್ಕಿಗಳು! 2016ರ ಹೊತ್ತಿಗೆ, ಮೈಯ ಗಾತ್ರಕ್ಕೆ ಗುರುತಾದ ಕಾಲಿನ ಎಲುಬು ಶೇ 2.4ರಷ್ಟು ಗಿಡ್ಡವಾಗಿತ್ತು, ರೆಕ್ಕೆ ಶೇ 1.3ರಷ್ಟು ಉದ್ದವಾಗಿತ್ತು. ಕಣ್ಣಿಗೆ ಕಾಣುವ ವ್ಯತ್ಯಾಸವಲ್ಲ, ಅಳತೆಪಟ್ಟಿ ಹಿಡಿದರೆ ಮಾತ್ರ ಸಿಗುವಂಥದ್ದು.

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಕೆರೆಗೆ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಸಾಲಿನಲ್ಲಿ ಜಾಗ, ಸಿಕ್ಕಿತು, ಖುಷಿಯಾಯಿತು. ಎಷ್ಟು ಹಕ್ಕಿ ಬಂದವು ಅನ್ನೋದು ಸುದ್ದಿಯಾಗುತ್ತದೆ, ಎಷ್ಟು ದೊಡ್ಡವು ಅನ್ನೋದು ಆಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಏರಿಯ ಹತ್ತಿರ ಒಂದು ಹೆಬ್ಬಾತು ಸತ್ತು ಬಿದ್ದಿತ್ತು. ತಲೆಯ ಮೇಲಿನ ಎರಡು ಕರಿ ಪಟ್ಟೆ ಇನ್ನೂ ಹೊಳೆಯುತ್ತಿದ್ದವು, ಹಳದಿ ಕಾಲಿಗೆ ಕೆಸರು ಮೆತ್ತಿತ್ತು. ನಾಲ್ಕು ಜನ ಸೇರಿ ನೋಡಿದರು, ಅಯ್ಯೋ ಪಾಪ ಅಂದರು, ಮಣ್ಣು ಮಾಡಿದರು. ಕಾಲು ಎಷ್ಟುದ್ದ, ರೆಕ್ಕೆ ಎಷ್ಟುದ್ದ ಅಂತ ಅಳೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಅರಣ್ಯ ಇಲಾಖೆಯವರಲ್ಲಿ ನನ್ನದು ಒಂದೇ ಕೇಳಿಕೆ. ಸತ್ತ ಹಕ್ಕಿ ಸಿಕ್ಕರೆ ಸುಮ್ನೆ ಹೂಳಬೇಡಿ. ತೂಕ, ಕಾಲು, ರೆಕ್ಕೆ, ತಾರೀಖು, ಇಷ್ಟನ್ನು ಒಂದು ವಹಿಯಲ್ಲಿ ಬರೆಯಿರಿ, ರಾಣೆಬೆನ್ನೂರಿನ ಕೃಷ್ಣಮೃಗಗಳಿಗೂ ಹೀಗೇ ಮಾಡಿ. ಧಾರವಾಡದ ವಿಶ್ವವಿದ್ಯಾಲಯಗಳ ಪ್ರಾಣಿಶಾಸ್ತ್ರದ ಮಕ್ಕಳಿಗೆ ಅಳತೆಯ ಕ್ರಮ ಕಲಿಸುವುದು ದೊಡ್ಡ ಮಾತಲ್ಲ. ಚಳಿ ಶುರುವಾದರೆ ಹೆಬ್ಬಾತುಗಳು ಮತ್ತೆ ಬಂದಿಳಿಯುತ್ತವೆ, ಅಷ್ಟರೊಳಗೆ ಆ ವಹಿ ತೆರೆಯಲಿ.

ಕುರಿಗಾರರ ಮನೆಯ ಓದುಗ,
ಲಕ್ಷ್ಮೇಶ್ವರ, ಗದಗ ಜಿಲ್ಲೆ