ಭರತ–ಇಳಿತದ ಲೆಕ್ಕ ಕರಾವಳಿಯ ತರಗತಿಗೆ ಬರಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಗಣಿತದ ಪಠ್ಯದಲ್ಲಿ ಮರುಕಳಿಸುವ ಏರಿಳಿತವನ್ನು ಸೈನ್, ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವ ಫೂರಿಯೇ ಶ್ರೇಣಿಯ ಪಾಠ ಮುಗಿಯುವಲ್ಲಿ, ಅಳತೆಗಳಿಂದ ಆ ಅಲೆಗಳನ್ನು ಕಂಡುಹಿಡಿಯುವ ಹಾರ್ಮೋನಿಕ್ ಅನಾಲಿಸಿಸ್ ಎಂಬ ಭಾಗ ಬರುತ್ತದೆ. ಎಕ್ಸ್‌ಗೆ 0, 60, 120 ಡಿಗ್ರಿ ಎಂದು ಆರು ಬೆಲೆ, ಅವುಗಳ ಕೆಳಗೆ ವೈಗೆ ಆರು ಬೆಲೆ ಕೊಟ್ಟು ಮೊದಲ ಹಾರ್ಮೋನಿಕ್‌ವರೆಗೆ ಶ್ರೇಣಿ ಬರೆಯಲು ಹೇಳುತ್ತಾರೆ. ವಿದ್ಯಾರ್ಥಿಗಳು ಕ್ಯಾಲ್ಕುಲೇಟರ್ ಹಿಡಿದು ಕೋಷ್ಟಕ ತುಂಬುತ್ತಾರೆ, ಅಂಕವೂ ಸಿಗುತ್ತದೆ. ಆ ವೈ ಯಾವುದರ ಅಳತೆ ಎಂಬ ಪ್ರಶ್ನೆ ಮಾತ್ರ ಏಳುವುದೇ ಇಲ್ಲ. ಸಮುದ್ರದ ಭರತ–ಇಳಿತವನ್ನು, ಅಂದರೆ ಉಬ್ಬರವಿಳಿತವನ್ನು, ಕಣ್ಣೆದುರೇ ಕಾಣುವ ಕಾರವಾರ, ಕುಮಟಾ, ಹೊನ್ನಾವರದ ಮಕ್ಕಳಿಗೂ ಈ ವಿಷಯವನ್ನು ಹೀಗೆಯೇ ಕಲಿಸುವುದು ನನಗೆ ಸರಿ ಕಾಣುವುದಿಲ್ಲ.

ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬಳಚು (ಚಿಪ್ಪುಜೀವಿ) ಆರಿಸುವವರಿಗೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಬಹುದೂರ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಅಷ್ಟು ಇಳಿಯುವುದಿಲ್ಲ ಎಂಬುದು ಬಾಯಿಪಾಠ. ಚಂದ್ರನ ಸೆಳೆತದಿಂದ ಏಳುವ ಮುಖ್ಯ ಅಲೆಯ ಅವಧಿ 12.42 ಗಂಟೆ, ಸೂರ್ಯನದು ಸರಿಯಾಗಿ 12 ಗಂಟೆ. ಇವೆರಡೂ 14.77 ದಿನಗಳಿಗೊಮ್ಮೆ ಜೊತೆಗೂಡಿ ಭರತವನ್ನು ಹಿಗ್ಗಿಸುತ್ತವೆ, ನಡುವೆ ಒಂದನ್ನೊಂದು ತಗ್ಗಿಸುತ್ತವೆ. ಇವುಗಳ ಮೇಲೆ 23.93 ಮತ್ತು 25.82 ಗಂಟೆಗಳ ಇನ್ನೆರಡು ಅಲೆಗಳು ಸೇರುವುದರಿಂದಲೇ ನಮ್ಮ ತೀರದಲ್ಲಿ ಒಂದೇ ದಿನದ ಎರಡು ಭರತಗಳು ಸಮನಾಗಿರುವುದಿಲ್ಲ.

ಇಲ್ಲಿ ಪಠ್ಯದ ಸೂತ್ರವನ್ನು ಹಾಗೆಯೇ ಹಚ್ಚಿದರೆ ಲೆಕ್ಕ ಕೂಡಿಬರುವುದಿಲ್ಲ ಎಂಬುದು ನನ್ನ ಮಟ್ಟಿಗೆ ಅತ್ಯಂತ ರುಚಿಕರವಾದ ಸಂಗತಿ. 24 ಗಂಟೆಯನ್ನು ಅವಧಿಯಾಗಿ ಹಿಡಿದರೆ ಶ್ರೇಣಿಯಲ್ಲಿ 24, 12, 8 ಹೀಗೆ 24ನ್ನು ಪೂರ್ಣಾಂಕದಿಂದ ಭಾಗಿಸಿದ ಗಂಟೆಗಳ ಅಲೆಗಳಿಗೆ ಮಾತ್ರ ಜಾಗ, 12.42ಕ್ಕೆ ಜಾಗವೇ ಇಲ್ಲ. ಆದ್ದರಿಂದ ಅವಧಿಗಳನ್ನು ಖಗೋಳಶಾಸ್ತ್ರದಿಂದ ಪಡೆದು, ಪ್ರತಿಯೊಂದು ಅಲೆಗೂ ಒಂದು ಕೊಸೈನ್, ಒಂದು ಸೈನ್ ಸಹಾಂಕವನ್ನು ಮಾತ್ರ ಅಜ್ಞಾತವಾಗಿ ಇಟ್ಟುಕೊಂಡು, ಕನಿಷ್ಠ ವರ್ಗ ವಿಧಾನದಿಂದ (ಅಳತೆಗೂ ಲೆಕ್ಕಕ್ಕೂ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತವನ್ನು ಆದಷ್ಟು ಕಡಿಮೆ ಮಾಡಿ) ಅವನ್ನು ಕಂಡುಹಿಡಿಯಬೇಕಾಗುತ್ತದೆ. ಒಂದು ತಿಂಗಳು ಗಂಟೆಗೊಮ್ಮೆ ಅಳೆದರೆ 720 ಸಮೀಕರಣಗಳು ಸಿಗುತ್ತವೆ. ನಾಲ್ಕು ಅಲೆಗಳಿಗೆ ಸರಾಸರಿ ಮಟ್ಟವೂ ಸೇರಿ ಅಜ್ಞಾತಗಳು ಒಂಬತ್ತೇ. ಕನಿಷ್ಠ ವರ್ಗವನ್ನು ನಮ್ಮ ಮಕ್ಕಳು ಕರ್ವ್ ಫಿಟ್ಟಿಂಗ್ ಎಂದು ಬೇರೊಂದು ಅಧ್ಯಾಯದಲ್ಲಿ ಕಲಿತಿರುತ್ತಾರೆ, ಆದರೆ ಅದನ್ನೂ ಹಾರ್ಮೋನಿಕ್ ಅನಾಲಿಸಿಸನ್ನೂ ಬೆಸೆಯುವ ಒಂದು ಲೆಕ್ಕವನ್ನೂ ಮಾಡಿರುವುದಿಲ್ಲ. ಎಷ್ಟು ದಿನ ಅಳೆಯಬೇಕು ಎಂಬುದಕ್ಕೂ ಉತ್ತರ ಗಣಿತದಲ್ಲೇ ಇದೆ: ಚಂದ್ರ–ಸೂರ್ಯರ ಮುಖ್ಯ ಅಲೆಗಳು ಬೇರ್ಪಡಲು ಸುಮಾರು 15 ದಿನ ಬೇಕು, 12 ಗಂಟೆಗೆ ತೀರ ಹತ್ತಿರದ ಇನ್ನೊಂದು ಅಲೆಯನ್ನು ಸೂರ್ಯನದರಿಂದ ಬಿಡಿಸಲು ಅರ್ಧ ವರ್ಷವೇ ಬೇಕು.

ಫ್ರೆಂಚ್ ಗಣಿತಜ್ಞ ಫೂರಿಯೇ 1822ರ ತಮ್ಮ ಗ್ರಂಥದಲ್ಲಿ ಈ ಶ್ರೇಣಿಯನ್ನು ಬಳಸಿದ್ದು ಶಾಖದ ಹರಿವಿಗೆ. ಅದನ್ನು ಸಮುದ್ರಕ್ಕೆ ಅನ್ವಯಿಸಿದ ಭೌತವಿಜ್ಞಾನಿ ಕೆಲ್ವಿನ್ 1870ರ ದಶಕದಲ್ಲಿ ರಾಟೆಗಳ ಮೇಲೆ ಹಾದುಹೋಗುವ ದಾರದಿಂದಲೇ ಕೊಸೈನ್‌ಗಳನ್ನು ಕೂಡುವ ಯಂತ್ರವನ್ನು ರೂಪಿಸಿದರು. ಇಂದು ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕಗಳ ಹಿಂದಿರುವುದೂ ಇದೇ ಗಣಿತ.

ಈ ಲೆಕ್ಕಕ್ಕೊಂದು ಮಿತಿಯೂ ಇದೆ, ಅದನ್ನೂ ಮಕ್ಕಳಿಗೆ ತೋರಿಸಬೇಕು. ಮಳೆಗಾಲದ ಗಾಳಿಯಾಗಲಿ, ಕಾಳಿ ನದಿಯ ನೆರೆಯಾಗಲಿ, ಅದರ ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರಾಗಲಿ ಈ ಅಲೆಗಳ ಮೊತ್ತದೊಳಗೆ ಬರುವುದಿಲ್ಲ. ಅಳತೆಯಿಂದ ಲೆಕ್ಕದ ಮಟ್ಟವನ್ನು ಕಳೆದಾಗ ಉಳಿಯುವ ಶೇಷದಲ್ಲಿ ಅವು ಕಾಣಿಸಿಕೊಳ್ಳುತ್ತವೆ. ನೆರೆಯ ನೀರು ಅಳಿವೆ ತಲುಪುವ ಹೊತ್ತಿಗೆ ಭರತವಿದ್ದರೆ ಅದು ಸಮುದ್ರಕ್ಕೆ ಬೇಗ ಇಳಿಯುವುದಿಲ್ಲವಾದ್ದರಿಂದ, ಈ ಶೇಷವನ್ನು ಓದಬಲ್ಲ ಎಂಜಿನಿಯರುಗಳು ಈ ಜಿಲ್ಲೆಗೆ ಬೇಕೇ ಬೇಕು.

ಮೂರು ಗಂಟೆಯ ಪರೀಕ್ಷೆಯಲ್ಲಿ ಇದನ್ನೆಲ್ಲ ಮಾಡಿಸಲಾಗದು, ಒಪ್ಪುತ್ತೇನೆ. ಕಾರವಾರದ ಬೈತಖೋಲದ ಧಕ್ಕೆಯಲ್ಲಿ ಅನುಮತಿ ಪಡೆದು ಒಂದು ಅಳತೆಪಟ್ಟಿ ನಿಲ್ಲಿಸಿ, ಸರದಿಯ ಮೇಲೆ ಹದಿನೈದು ದಿನ ನೀರಿನ ಮಟ್ಟ ಬರೆದುಕೊಂಡು, ಕಾಲೇಜಿನ ಕಂಪ್ಯೂಟರಿನಲ್ಲಿ ಬಿಡಿಸಿ, ಪ್ರಕಟಿತ ಕೋಷ್ಟಕದೊಂದಿಗೆ ಹೋಲಿಸುವ ಕೆಲಸಕ್ಕೆ ಆಂತರಿಕ ಅಂಕಗಳನ್ನು ಕೊಡಬಹುದು. ಕರಾವಳಿಯ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಗಣಿತ ವಿಭಾಗಗಳು ಮುಂದಿನ ಸೆಮಿಸ್ಟರಿನಿಂದಲೇ ಇದನ್ನು ಆರಂಭಿಸಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ನಿವೃತ್ತ ಗಣಿತ ಉಪನ್ಯಾಸಕ, ಕಾರವಾರ