ಕೈ ಹಿಡಿದು ಎಳೆಯಬೇಡಿ, ಕೈ ಕೆಳಗೆ ಕೈಯಿಡಿ

ಮಾನ್ಯ ಸಂಪಾದಕರೇ,

ಜೂನ್ 27ರ ಹೆಲೆನ್ ಕೆಲರ್ ಜನ್ಮದಿನ ಬಂದಾಗಲೆಲ್ಲ ಅವರ ಅಂಗೈಯಲ್ಲಿ ಅಕ್ಷರ ಮೂಡಿಸಿ ಕಲಿಸಿದ ಸಂಗತಿಯನ್ನು ನೆನೆಯುತ್ತೇವೆ. ಹುಟ್ಟಿನಿಂದಲೇ ಕಣ್ಣು ಕಾಣದ, ಕಿವಿ ಕೇಳದ ಮಗುವಿಗೆ ಆ ದಾರಿ ಆರಂಭದಲ್ಲಿ ಒಗ್ಗುವುದಿಲ್ಲ. ಕೆಲರ್ ಕಾಯಿಲೆ ಬಿದ್ದು ಕಣ್ಣು, ಕಿವಿ ಕಳೆದುಕೊಂಡದ್ದು 19 ತಿಂಗಳಾದಾಗ. ಅಷ್ಟರಲ್ಲಿ ನೋಡಿದ್ದರು, ಕೇಳಿದ್ದರು. ಹುಟ್ಟಿನಿಂದಲೇ ಹೀಗಿರುವ ಮಗುವಿಗೆ ವಸ್ತುವಿಗೊಂದು ಹೆಸರಿರುತ್ತದೆ ಎಂಬುದೇ ಇನ್ನೂ ಗೊತ್ತಿಲ್ಲ.

ಊಟಕ್ಕೋ ಸ್ನಾನಕ್ಕೋ ಮುಂಗೈ ಹಿಡಿದು ಎಳೆದೊಯ್ಯುವುದು ಎಲ್ಲ ಕಡೆ ಕಾಣುವ ತಪ್ಪು. ಆ ಮಗುವಿಗೆ ಕೈಯೇ ಕಣ್ಣು. ಪದೇ ಪದೇ ಎಳೆಸಿಕೊಂಡ ಮಗು ಮುಷ್ಟಿ ಬಿಗಿಹಿಡಿದು ಯಾವುದನ್ನೂ ಮುಟ್ಟದಂತಾಗುತ್ತದೆ. ಮೊದಲು ಭುಜ ಮುಟ್ಟಿ, ನಿಮ್ಮ ಗುರುತು ಕೊಡಿ: ಅಮ್ಮನ ಬಳೆ, ಅಪ್ಪನ ಗಡಿಯಾರ, ಯಾವುದನ್ನು ನೀವು ಯಾವತ್ತೂ ಮೈಯಿಂದ ತೆಗೆಯುವುದಿಲ್ಲವೋ ಅದು. ಆಮೇಲೆ ನಿಮ್ಮ ಕೈಯನ್ನು ಮಗುವಿನ ಅಂಗೈ ಕೆಳಗೆ ಇಟ್ಟು ಕೆಲಸ ಮಾಡಿ. ಬೇಡವೆನಿಸಿದರೆ ಅದು ಕೈ ತೆಗೆದುಕೊಳ್ಳಲಿ.

ಮುಂದಿನ ಹೆಜ್ಜೆ ಗುರುತಿನ ವಸ್ತು, ಅಂದರೆ ಈಗ ಏನು ನಡೆಯಲಿದೆ ಎಂದು ಮುಟ್ಟಿ ತಿಳಿಯಲು ಮಗುವಿನ ಕೈಗೆ ಕೊಡುವ ವಸ್ತು. ಎರಡು ಮೂರು ಸಾಕು. ಸ್ನಾನಕ್ಕೆ ಚೊಂಬು, ಹೊರಗೆ ಹೊರಡುವಾಗ ಚಪ್ಪಲಿ. ಊಟಕ್ಕೆ ಚಮಚ ಕೊಡಿ ಎಂದು ಪುಸ್ತಕಗಳು ಹೇಳುತ್ತವೆ. ಮುದ್ದೆ, ರೊಟ್ಟಿಯನ್ನು ಕೈಯಲ್ಲೇ ತಿನ್ನುವ ಮಗುವಿಗೆ ಚಮಚಕ್ಕೂ ಊಟಕ್ಕೂ ಏನು ನಂಟು? ಅದರದೇ ತಟ್ಟೆ ಕೊಡಿ. ಆಟಿಕೆಯ ಬಸ್ಸೂ ಅಷ್ಟೇ, ಕಣ್ಣಿಗೆ ಮಾತ್ರ ಬಸ್ಸು. ಮುಟ್ಟಿ ಅರಿಯುವವರಿಗೆ ಬಸ್ಸೆಂದರೆ ಹತ್ತುವಾಗ ಹಿಡಿದ ಕಂಬಿ. ಗೇಣುದ್ದದ ಸ್ಟೀಲ್ ಪೈಪು ಆ ಕೆಲಸ ಮಾಡುತ್ತದೆ. ವಸ್ತುವನ್ನು ಕೆಲಸ ಶುರುವಾಗುವ ಹೊತ್ತಿಗೇ ಕೊಡಿ, ಮುಗಿದ ಮೇಲೆ ಮಗುವಿನ ಜೊತೆಯಲ್ಲೇ 'ಮುಗಿಯಿತು' ಬುಟ್ಟಿಗೆ ಹಾಕಿ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ವಸ್ತು ಕೊಟ್ಟರೆ ತಿಂಗಳುಗಳ ಶ್ರಮ ನೀರುಪಾಲು.

ಕೊಟ್ಟ ಮೇಲೆ ಕಾಯಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ, ಬೇಕಾದರೆ ಇಪ್ಪತ್ತು. ಮಗು ಅಲ್ಲಾಡದೆ ಸುಮ್ಮನಾದರೆ ಆಸಕ್ತಿಯಿಲ್ಲ ಎಂದು ಬಿಟ್ಟು ಏಳುತ್ತಾರೆ; ಎಷ್ಟೋ ಸಲ ಅದು ಗಮನವಿಟ್ಟು ಅರಿಯುತ್ತಿರುವ ಕ್ಷಣ. ಮೈ ತೂಗಾಡಿಸುವ ಮಗುವನ್ನು ಗದರಿಸುವುದೂ ಬೇಡ. ಬೆನ್ನಿಗೆ ಎದೆ ತಾಗಿಸಿ ಕುಳಿತು ಜೊತೆಗೆ ತೂಗಿ, ತಟ್ಟನೆ ನಿಲ್ಲಿಸಿ. 'ಇನ್ನೂ ಬೇಕು' ಎಂದು ಅದು ಒರಗಿ ನೂಕಿದರೆ, ಸಂಭಾಷಣೆ ಶುರುವಾಯಿತು. ನೆದರ್ಲೆಂಡ್ಸ್‌ನ ಶಿಕ್ಷಣತಜ್ಞ ಯಾನ್ ವಾನ್ ಡೈಕ್, ಬಸುರಿಯಲ್ಲಿ ತಾಯಿಗೆ ತಗುಲಿದ ರುಬೆಲ್ಲಾ ಸೋಂಕಿನಿಂದ ಹೀಗಾದ ಮಕ್ಕಳ ಜೊತೆ ಇದೇ ಹಾದಿಯಲ್ಲಿ ಕೆಲಸ ಮಾಡಿದವರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಣ್ಣು ಕಾಣದ, ಕಿವಿ ಕೇಳದ ಈ ಸ್ಥಿತಿಯನ್ನು ಬಹುವಿಧ ಅಂಗವೈಕಲ್ಯದಡಿ ಹೆಸರಿಸಿದೆ. ಮನೆಗೆ ಹೋಗಿ ಕಲಿಸುವ ಸಂಪನ್ಮೂಲ ಶಿಕ್ಷಕರಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಇದನ್ನು ಭಾಷಣದಲ್ಲಲ್ಲ, ಕಣ್ಣಿಗೆ ಬಟ್ಟೆ ಕಟ್ಟಿ, ಕೈಯಿಂದ ಕೈಗೆ ಕಲಿಸಬೇಕು. ಒಂದು ಮಗುವಿಗೆ ಕನಿಷ್ಠ ಎರಡು ವರ್ಷ ಒಬ್ಬರೇ ಶಿಕ್ಷಕರು ಇರುವಂತೆ ಇಲಾಖೆ ನೋಡಿಕೊಳ್ಳಲಿ. ಶಿಕ್ಷಕರು ಬದಲಾಗಲೇಬೇಕಿದ್ದರೆ, ಹಳಬರೂ ಹೊಸಬರೂ ಕೆಲವು ವಾರ ಜೊತೆಯಾಗಿ ಆ ಮನೆಗೆ ಹೋಗಲಿ.

– ವಿಶೇಷ ಶಿಕ್ಷಕರು, ಧಾರವಾಡ